ಪಾಠದ ನಂತರದ ಕಾಲು ಗಂಟೆ: ಪ್ಯಾರಿಸಿನ ಒಬ್ಬ ವಿದ್ಯಾರ್ಥಿಯ ದಿನಚರಿಯಿಂದ ‘ರೇಷಿಯೊ ಸ್ಟುಡಿಯೋರಮ್’ವರೆಗೆ

ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಗುರುಮಠದ ಸೂಚನಾಫಲಕದ ಮೇಲೆ ಹೊಸ ವೇಳಾಪಟ್ಟಿ ಕಾಣಿಸಿಕೊಳ್ಳುತ್ತದೆ. ಅದರ ಮುಂದೆ ಗುಂಪುಗೂಡುವ ಗುರುಅಭ್ಯರ್ಥಿಗಳ ಕಣ್ಣು ಮೊದಲು ಹುಡುಕುವುದು ಬಿಡುವಿನ ಅವಧಿಯನ್ನು. ಕ್ರಿಸ್ತಶಾಸ್ತ್ರ, ನೀತಿಶಾಸ್ತ್ರ, ಧರ್ಮಸಭೆಯ ಇತಿಹಾಸ, ಧರ್ಮಸಭೆಯ ಕಾನೂನು, ಗ್ರೀಕ್ ಭಾಷೆ, ಗಾಯನದ ಅಭ್ಯಾಸ, ವಾರಾಂತ್ಯದ ಪಾಲನಾ ಸೇವೆ ಇವೆಲ್ಲ ಸೇರಿ ವಾರದ ಚೌಕಗಳನ್ನು ತುಂಬಿಬಿಟ್ಟಿರುತ್ತವೆ. “ಇದನ್ನೆಲ್ಲ ಓದುವುದು ಯಾವಾಗ, ಫಾದರ್?” ಎಂದು ಅವರು ಕೇಳಿದಾಗ ಅದನ್ನು ಸೋಮಾರಿತನದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಪ್ರಶ್ನೆಗೆ ಧರ್ಮಸಭೆಯ ಇತಿಹಾಸದಲ್ಲಿ ಗೌರವದ ಸ್ಥಾನವಿದೆ. ಸುಮಾರು ಐದು ಶತಮಾನಗಳ ಹಿಂದೆ ಒಬ್ಬ ಕಾಲೇಜು ವಿದ್ಯಾರ್ಥಿ ಇದೇ ಪ್ರಶ್ನೆಯೊಂದಿಗೆ ಏಗಿದ; ಅವನು ಕಂಡುಕೊಂಡ ಉತ್ತರ ಕಥೋಲಿಕ ಶಿಕ್ಷಣದ ವೇಳಾಪಟ್ಟಿಯನ್ನೇ ರೂಪಿಸಿತು. ಆ ವಿದ್ಯಾರ್ಥಿ ಲೊಯೋಲದ ಇಗ್ನಾಸಿ.

ಇಗ್ನಾಸಿಯವರನ್ನು ನಾವು ಸಂತರೆಂದು, ಯೇಸುಸಭೆಯ ಸ್ಥಾಪಕರೆಂದು, ‘ಆಧ್ಯಾತ್ಮಿಕ ಸಾಧನೆಗಳ’ ಕರ್ತೃವೆಂದು ಬಲ್ಲೆವು. ಅವರು ಹತ್ತು ವರ್ಷಗಳಿಗೂ ಹೆಚ್ಚು ಕಾಲ ವಿದ್ಯಾರ್ಥಿಯಾಗಿದ್ದರು ಎಂಬುದು ಮಾತ್ರ ನಮ್ಮ ನೆನಪಿನ ಅಂಚಿನಲ್ಲಿಯೇ ಉಳಿದಿದೆ. 1491ರಲ್ಲಿ ಹುಟ್ಟಿದ ಅವರು ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣವನ್ನು ಕಲಿಯಲು ಕುಳಿತಾಗ ವಯಸ್ಸು ಮೂವತ್ತು ದಾಟಿತ್ತು. ಅಲ್ಲಿ ಅವರಿಗೊಂದು ವಿಚಿತ್ರ ತೊಡಕು ಎದುರಾಯಿತೆಂದು ಅವರ ಆತ್ಮಕಥನ ಹೇಳುತ್ತದೆ. ಪಾಠವನ್ನು ಬಾಯಿಪಾಠ ಮಾಡಲು ಹೊರಟೊಡನೆ ಆಧ್ಯಾತ್ಮಿಕ ವಿಷಯಗಳಲ್ಲಿ ಹೊಸ ಅರಿವು, ಹೊಸ ಸವಿ ಮೂಡಿ ಮನಸ್ಸು ಅತ್ತ ಹರಿಯುತ್ತಿತ್ತು. ಪ್ರಾರ್ಥನೆಗೆ ಕುಳಿತಾಗ ಬಾರದ ಈ ಸವಿ ಓದಲು ಕುಳಿತಾಗಲೇ ಏಕೆ ಬರುತ್ತದೆಂದು ಅವರು ವಿವೇಚಿಸಿದರು; ಇದು ಶೋಧನೆಯೆಂಬ ತೀರ್ಮಾನಕ್ಕೆ ಬಂದರು. ಗುರುವನ್ನು ಕಂಡು ಎಲ್ಲವನ್ನೂ ಬಿಚ್ಚಿಟ್ಟು, ಎರಡು ವರ್ಷ ಪಾಠವನ್ನು ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಭಕ್ತಿಯ ಹೆಸರಿನಲ್ಲಿ ಅಧ್ಯಯನವನ್ನು ಬಿಡುವುದೂ ಶೋಧನೆಯಾಗಬಹುದು ಎಂಬ ಈ ವಿವೇಚನೆಯನ್ನು ಗುರುಅಭ್ಯರ್ಥಿಗಳು ಗಮನಿಸಬೇಕು.

ಮುಂದೆ ಆಲ್ಕಲಾ ವಿಶ್ವವಿದ್ಯಾಲಯದಲ್ಲಿ ಅವರು ತರ್ಕ, ಭೌತಶಾಸ್ತ್ರ ಹಾಗೂ ಪೀಟರ್ ಲೊಂಬಾರ್ಡನ ದೈವಶಾಸ್ತ್ರವನ್ನು ಒಟ್ಟಿಗೇ ಅಭ್ಯಸಿಸತೊಡಗಿದರು. ಜತೆಗೆ ಭಿಕ್ಷಾಟನೆ, ಧರ್ಮೋಪದೇಶ, ಸಾಧನೆಗಳ ಮಾರ್ಗದರ್ಶನ ಸಾಗಿದ್ದವು. ಒಂದರ ಮೇಲೊಂದು ವಿಷಯವನ್ನು ಹೇರಿಕೊಂಡ ಇಂಥ ಓದಿನಿಂದ ಭದ್ರವಾದ ತಳಹದಿ ಮೂಡಲಿಲ್ಲವೆಂಬುದು ಅವರಿಗೆ ಅರಿವಾದದ್ದು ಪ್ಯಾರಿಸಿಗೆ ಬಂದ ಮೇಲೆ. 1528ರ ಫೆಬ್ರವರಿ 2ರಂದು ಅವರು ಆ ನಗರವನ್ನು ತಲುಪಿದರು. ಮಾಂಟೆಗ್ಯೂ ಕಾಲೇಜಿನಲ್ಲಿ ಬಾಲಕರ ಸಾಲಿನಲ್ಲಿ ಕುಳಿತು ಲ್ಯಾಟಿನ್ನನ್ನು ಮತ್ತೆ ಮೊದಲಿನಿಂದ ಕಲಿತರು. ಮಧ್ಯವಯಸ್ಸಿನ ಮನುಷ್ಯನೊಬ್ಬ ‘ನನಗೆ ಬುನಾದಿಯಿಲ್ಲ’ ಎಂದು ಒಪ್ಪಿಕೊಂಡು ಹಿಂದಕ್ಕೆ ಹೋಗಿ ಕುಳಿತನಲ್ಲ, ಆ ವಿನಯವೇ ಈ ಇತಿಹಾಸದ ನಿಜವಾದ ಆರಂಭ.

ಮಾಂಟೆಗ್ಯೂ ಕಾಲೇಜಿನ ದಿನಚರಿ ಕಠೋರವಾಗಿತ್ತು. ಬೆಳಗಿನ ನಾಲ್ಕಕ್ಕೆ ಏಳಬೇಕು. ಮೊದಲ ಪಾಠ, ಅನಂತರ ಬಲಿಪೂಜೆ. ಎಂಟರಿಂದ ಹತ್ತರವರೆಗೆ ಮುಖ್ಯ ತರಗತಿ, ಅದರ ಬೆನ್ನಿಗೇ ಒಂದು ಗಂಟೆಯ ಚರ್ಚೆ. ಅಪರಾಹ್ನ ಮೂರರಿಂದ ಐದರವರೆಗೆ ಇನ್ನೊಂದು ತರಗತಿ, ಮತ್ತೆ ಒಂದು ಗಂಟೆಯ ಚರ್ಚೆ. ರಾತ್ರಿಯ ಊಟದ ನಂತರ ಅಂದಿನ ಪಾಠದ ಬಗ್ಗೆ ಪ್ರಶ್ನೋತ್ತರ. ಈ ಪಟ್ಟಿಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ: ಗುರುವಿನ ಎರಡು ಗಂಟೆಯ ಮಾತಿಗೆ ಪ್ರತಿಯಾಗಿ ವಿದ್ಯಾರ್ಥಿಯ ಮಾತಿಗೂ ಒಂದು ಗಂಟೆಯನ್ನು ಕಾಯ್ದಿರಿಸಲಾಗಿತ್ತು. ಕೇಳಿದ್ದನ್ನು ವಿದ್ಯಾರ್ಥಿ ತನ್ನ ಬಾಯಿಂದ ಹೇಳುವವರೆಗೆ ಪಾಠ ಮುಗಿದಂತೆ ಭಾವಿಸುತ್ತಿರಲಿಲ್ಲ.

ಆದರೆ ಇಗ್ನಾಸಿಯವರಿಗೆ ಈ ದಿನಚರಿ ಪೂರ್ತಿಯಾಗಿ ದಕ್ಕಲಿಲ್ಲ. ತಮ್ಮ ಹಣವನ್ನು ಜೋಪಾನ ಮಾಡಲೆಂದು ಒಬ್ಬ ಸ್ವದೇಶೀಯನ ಕೈಗೆ ಕೊಟ್ಟಿದ್ದರು. ಅವನು ಅದನ್ನು ಖರ್ಚು ಮಾಡಿಬಿಟ್ಟ. ವಸತಿಗೆ ಹಣವಿಲ್ಲದೆ ಅವರು ಸಂತ ಯಾಕೋಬರ ಹೆಸರಿನ ಯಾತ್ರಿಕರ ಛತ್ರವನ್ನು ಸೇರಿದರು. ಅದು ಕಾಲೇಜಿನಿಂದ ದೂರವಿತ್ತು. ಸಂಜೆಯ ದೂತನಮನದ ಗಂಟೆಯೊಳಗೆ ಹಿಂದಿರುಗಬೇಕು, ಬೆಳಕು ಹರಿಯುವ ಮುನ್ನ ಹೊರಡುವಂತಿಲ್ಲ. ಹೀಗೆ ದಿನದ ಎರಡು ತುದಿಗಳ ಪಾಠಗಳೂ ತಪ್ಪಿಹೋಗುತ್ತಿದ್ದವು. ನಡುವೆ ಭಿಕ್ಷೆಯ ಅಲೆದಾಟ ಬೇರೆ. ಕೊನೆಗೆ ಒಬ್ಬ ಸನ್ಯಾಸಿ ಕೊಟ್ಟ ಸಲಹೆಯಂತೆ ವರ್ಷಕ್ಕೊಮ್ಮೆ ಫ್ಲಾಂಡರ್ಸಿಗೆ ಹೋಗಿ ಸ್ಪೇನಿನ ವರ್ತಕರಿಂದ ಇಡೀ ವರ್ಷಕ್ಕೆ ಬೇಕಾದ ನೆರವನ್ನು ಪಡೆದು ತರತೊಡಗಿದರು. ಎರಡು ತಿಂಗಳನ್ನು ಕಳೆದುಕೊಂಡರೂ ಉಳಿದ ತಿಂಗಳುಗಳು ಓದಿಗೆ ದೊರೆಯುತ್ತವೆಂಬುದು ಲೆಕ್ಕಾಚಾರ. ಸಮಯವನ್ನು ಉಳಿಸಿಕೊಳ್ಳುವುದೂ ಅವರ ಪಾಲಿಗೆ ಪಾಲನಾ ವಿವೇಕದ ಒಂದು ಭಾಗವಾಯಿತು.

1529ರಲ್ಲಿ ಅವರು ಸಾಂತ್ ಬಾರ್ಬ್ ಕಾಲೇಜಿಗೆ ಬಂದರು. ಅಲ್ಲಿ ಗುರು ಹುವಾನ್ ಡೆ ಲಾ ಪೆನ್ಯಾ. ಕೋಣೆಯ ಸಂಗಡಿಗರು ಪಿಯರ್ ಫಾವ್ರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ಇಗ್ನಾಸಿಯವರಿಗೆ ಪಾಠಗಳನ್ನು ಮತ್ತೊಮ್ಮೆ ವಿವರಿಸಿ ಹೇಳಿಕೊಡುವ ಹೊಣೆಯನ್ನು ಪೆನ್ಯಾ ಫಾವ್ರರಿಗೆ ವಹಿಸಿದರು. ಸುಮಾರು 23 ವಯಸ್ಸಿನ ಫಾವ್ರ್ ಅವರಿಗಿಂತ 15 ವರ್ಷ ಹಿರಿಯರಾದ ಇಗ್ನಾಸಿಯವರಿಗೆ ಅರಿಸ್ಟಾಟಲನನ್ನು ಬಿಡಿಸಿ ಹೇಳುತ್ತಿದ್ದರು. ಆ ಪುನರಾವರ್ತನೆಯ ಗಂಟೆಗಳಿಂದ ಸ್ನೇಹ ಬೆಳೆಯಿತು. ಮನಸ್ಸಿನ ಅಳುಕುಗಳಿಂದ ನೊಂದಿದ್ದ ಫಾವ್ರ್ ತಮ್ಮ ಶಿಷ್ಯನಲ್ಲಿಯೇ ಆತ್ಮದ ಗುರುವನ್ನು ಕಂಡರು. 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ದಿಬ್ಬದ ಮೇಲೆ ಏಳು ಮಂದಿ ಸಂಗಡಿಗರು ವ್ರತ ಸ್ವೀಕರಿಸಿದಾಗ ಬಲಿಪೂಜೆಯನ್ನರ್ಪಿಸಿದವರು ಫಾವ್ರ್. ಆ ಏಳು ಮಂದಿಯಲ್ಲಿ ಗುರುದೀಕ್ಷೆ ಪಡೆದಿದ್ದವರು ಅವರೊಬ್ಬರೇ. ಯೇಸುಸಭೆಯ ಬೇರುಗಳನ್ನು ಅರಸುವವರು ಮನ್ರೇಸಾದ ಗುಹೆಯನ್ನು ನೆನೆಯುತ್ತಾರೆ. ಪಾಠವನ್ನು ಮತ್ತೆ ಹೇಳಿಕೊಂಡ ಆ ವಿದ್ಯಾರ್ಥಿಕೋಣೆಯನ್ನೂ ಅಷ್ಟೇ ಕೃತಜ್ಞತೆಯಿಂದ ನೆನೆಯಬೇಕು.

ಸಂಘರ್ಷಗಳೂ ಇದ್ದವು. ಹಬ್ಬದ ದಿನಗಳಲ್ಲಿ ನಡೆಯುತ್ತಿದ್ದ ವಾದಗೋಷ್ಠಿಗಳನ್ನು ಬಿಟ್ಟು ಕೆಲವು ವಿದ್ಯಾರ್ಥಿಗಳು ಇಗ್ನಾಸಿಯವರೊಂದಿಗೆ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಹೋಗುತ್ತಿದ್ದರು. ಇದರಿಂದ ಕಾಲೇಜಿನ ಶಿಸ್ತು ಕೆಡುತ್ತದೆಂದು ಪೆನ್ಯಾ ದೂರಿದರೆಂದೂ, ಬಹಿರಂಗವಾಗಿ ಛಡಿಯೇಟಿನ ಶಿಕ್ಷೆ ಕೊಡುವ ಹಂತಕ್ಕೆ ವಿಷಯ ಹೋಯಿತೆಂದೂ ಜೀವನಚರಿತ್ರಕಾರ ರಿಬದನೇರಾ ಬರೆಯುತ್ತಾರೆ. ತಪ್ಪು ಯಾರದೆಂದು ತೀರ್ಪು ಕೊಡುವುದು ಸುಲಭವಲ್ಲ. ಆದರೆ ಮುಂದೆ ಇಗ್ನಾಸಿಯವರು ತಾವೇ ತಮ್ಮ ಆಧ್ಯಾತ್ಮಿಕ ಸಂಭಾಷಣೆಗಳಿಗೆ ಮಿತಿ ಹಾಕಿಕೊಂಡು, ಅಧ್ಯಯನ ಮುಗಿದ ಮೇಲೆ ಹಳೆಯ ಕೆಲಸಕ್ಕೆ ಮರಳುವ ಸಂಕಲ್ಪ ಮಾಡಿದರು. 1533ರಲ್ಲಿ ಅವರು ಕಲಾವಿಭಾಗದ ಲೈಸೆನ್ಷಿಯೇಟ್ ಪಡೆದರು.

ಈ ಅನುಭವ ಯೇಸುಸಭೆಯ ಸಂವಿಧಾನದಲ್ಲಿ ನಿಯಮವಾಗಿ ಇಳಿಯಿತು. ಅಧ್ಯಯನವು ಒಂದು ರೀತಿಯಲ್ಲಿ ಇಡೀ ಮನುಷ್ಯನನ್ನೇ ಬೇಡುತ್ತದೆ ಎಂದು ಅದರ ನಾಲ್ಕನೆಯ ಭಾಗ ಹೇಳುತ್ತದೆ. ಅದಕ್ಕಾಗಿ ವಿದ್ಯಾರ್ಥಿಗಳ ಪ್ರಾರ್ಥನೆ, ತಪಸ್ಸುಗಳಿಗೆ ಮಿತಿಯನ್ನು ವಿಧಿಸುತ್ತದೆ. ಇದು ಪ್ರಾರ್ಥನೆಯ ಅವಗಣನೆಯಲ್ಲ. ದೇವರ ಮಹಿಮೆಗಾಗಿ ಕೈಗೊಂಡ ಅಧ್ಯಯನವೂ ದೇವಾರಾಧನೆಯೇ ಎಂಬ ಶ್ರದ್ಧೆ. 1548ರಲ್ಲಿ ಮೆಸ್ಸೀನಾದಲ್ಲಿ, 1551ರಲ್ಲಿ ರೋಮಿನಲ್ಲಿ ಆರಂಭವಾದ ಕಾಲೇಜುಗಳು ‘ಪ್ಯಾರಿಸಿನ ಕ್ರಮ’ವನ್ನೇ ಅನುಸರಿಸಿದವು. 1586 ಮತ್ತು 1591ರ ಕರಡುಗಳ ನಂತರ, 1599ರಲ್ಲಿ ಮಹಾಶ್ರೇಷ್ಠ ಕ್ಲೌಡಿಯೊ ಅಕ್ವವೀವಾ ಅವರ ಕಾಲದಲ್ಲಿ ‘ರೇಷಿಯೊ ಸ್ಟುಡಿಯೋರಮ್’ ಎಂಬ ಅಧ್ಯಯನ ಸಂಹಿತೆ ಅಂತಿಮ ರೂಪ ಪಡೆಯಿತು.

ಆ ಸಂಹಿತೆಯಲ್ಲಿನ ವಾರದ ವಿನ್ಯಾಸವನ್ನು ನೋಡಿರಿ. ತತ್ವಶಾಸ್ತ್ರ, ದೈವಶಾಸ್ತ್ರಗಳ ಅಧ್ಯಾಪಕನು ಪಾಠ ಮುಗಿದ ಮೇಲೆ ಕನಿಷ್ಠ ಕಾಲು ಗಂಟೆ ತರಗತಿಯಲ್ಲಾಗಲಿ ಅದರ ಬಳಿಯಲ್ಲಾಗಲಿ ಉಳಿಯಬೇಕು. ವಿದ್ಯಾರ್ಥಿಗಳು ಬಂದು ಪ್ರಶ್ನಿಸುವಂತಿರಬೇಕು. ಯೇಸುಸಭೆಯ ವಿದ್ಯಾರ್ಥಿಗಳು ಪ್ರತಿದಿನ ಮನೆಯಲ್ಲಿ ಒಂದು ಗಂಟೆ ಪಾಠವನ್ನು ಪುನರಾವರ್ತಿಸಿ ಚರ್ಚಿಸಬೇಕು. ಶನಿವಾರ ಅಥವಾ ರೂಢಿಯಲ್ಲಿರುವ ಇನ್ನೊಂದು ದಿನ ವಾರದ ವಾದಗೋಷ್ಠಿ. ತಿಂಗಳಿಗೊಮ್ಮೆ ದೊಡ್ಡ ಗೋಷ್ಠಿ. ವಾರಕ್ಕೊಂದು ವಿರಾಮ, ವರ್ಷಕ್ಕೊಮ್ಮೆ ರಜೆ. ಪಾಠ, ಪ್ರಶ್ನೆ, ಪುನರಾವರ್ತನೆ, ವಾದ, ವಿಶ್ರಾಂತಿ ಎಂಬ ಐದೂ ಸೇರಿದಾಗಲೇ ಒಂದು ವಾರ ಪೂರ್ಣ. ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಮಿಕ್ಕ ನಾಲ್ಕನ್ನು ಬಿಟ್ಟರೆ ಅದು ಈ ಪರಂಪರೆಯ ವಾರವಾಗುವುದಿಲ್ಲ.

ಈ ಪರಂಪರೆಯನ್ನು ಹೊಗಳುವಾಗ ಎಚ್ಚರವೂ ಬೇಕು. ಇಗ್ನಾಸಿಯವರಿಗಿಂತ ಮೂರು ದಶಕಗಳ ಹಿಂದೆ ಮಾಂಟೆಗ್ಯೂ ಕಾಲೇಜಿನಲ್ಲಿದ್ದ ಎರಾಸ್ಮಸ್ ಅಲ್ಲಿನ ಹಳಸಿದ ಊಟ, ಅತಿಯಾದ ಉಪವಾಸ, ಕ್ರೂರ ಶಿಸ್ತುಗಳನ್ನು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ದೇಹವನ್ನು ಮುರಿಯುವ ವೇಳಾಪಟ್ಟಿ ಆತ್ಮವನ್ನು ಕಟ್ಟಲಾರದು. ಪುನರಾವರ್ತನೆಯೂ ಜೀವ ಕಳೆದುಕೊಂಡಾಗ ಬರಿಯ ಗಿಳಿಪಾಠವಾಗುತ್ತದೆ. ಕೋಣೆಯ ಇನ್ನೊಬ್ಬ ಸಂಗಡಿಗ ಕ್ಸೇವಿಯರ್ 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಯುರೋಪಿನ ವಿಶ್ವವಿದ್ಯಾಲಯಗಳಿಗೆ, ಮುಖ್ಯವಾಗಿ ಪ್ಯಾರಿಸಿಗೆ ಹೋಗಿ, ಪ್ರೀತಿಗಿಂತ ಪಾಂಡಿತ್ಯವೇ ಹೆಚ್ಚಿರುವವರ ಮುಂದೆ ಹುಚ್ಚನಂತೆ ಕೂಗಬೇಕೆನಿಸುತ್ತದೆ ಎಂದರು. ತಾವೇ ಓದಿದ ವಿದ್ಯಾಲಯದ ಬಗ್ಗೆ ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದ ಈ ಮಾತು, ಯಾರಿಗಾಗಿ ಓದುತ್ತಿದ್ದೇವೆ ಎಂಬುದನ್ನು ಮರೆತ ಅಧ್ಯಯನಕ್ಕೆ ಶಾಶ್ವತ ಎಚ್ಚರಿಕೆ.

ನಮ್ಮ ಕಾಲಕ್ಕೆ ಬರೋಣ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ‘ಆಪ್ತಾತಾಮ್ ತೋತಿಯೂಸ್’ ಆಜ್ಞಾಪತ್ರದ 17ನೆಯ ಪರಿಚ್ಛೇದವು ವಿಷಯಗಳೂ ತರಗತಿಗಳೂ ಮಿತಿಮೀರಿ ಹೆಚ್ಚದಂತೆ ಎಚ್ಚರ ವಹಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಪ್ರತಿ ಹೊಸ ಅಗತ್ಯಕ್ಕೆ ಒಂದು ಹೊಸ ವಿಷಯ ಸೇರುತ್ತದೆ. ಹಳೆಯದನ್ನು ಕೈಬಿಡುವ ಧೈರ್ಯ ಯಾರಿಗೂ ಬಾರದು. 1999ರ ಬೊಲೋನ್ಯಾ ಪ್ರಕ್ರಿಯೆಯನ್ನು ಪವಿತ್ರ ಪೀಠ 2003ರಲ್ಲಿ ಸೇರಿದ ಮೇಲೆ ಧರ್ಮಸಭೆಯ ವಿದ್ಯಾಪೀಠಗಳಲ್ಲೂ ಕ್ರೆಡಿಟ್ಟುಗಳ ಎಣಿಕೆ ಬಂದಿತು. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ಶ್ರಮ. ತರಗತಿಯ ಹೊರಗಿನ ಓದೂ ಅದರಲ್ಲಿ ಸೇರಿದೆ. ಅಂದರೆ ಲೆಕ್ಕದ ಪುಸ್ತಕವೂ ಏಕಾಂತದ ಓದಿಗೆ ಸ್ಥಾನ ಕೊಟ್ಟಿದೆ. ಗೋಡೆಯ ಮೇಲಿನ ವೇಳಾಪಟ್ಟಿ ಕೊಟ್ಟಿಲ್ಲ. ‘ಕ್ರೆಡಿಟ್’ ಎಂಬ ಪದದ ಮೂಲ ‘ಕ್ರೇದೆರೆ’, ನಂಬುವುದು. ವಿಶ್ವಾಸಪ್ರಮಾಣದ ‘ಕ್ರೇದೊ’ ಕೂಡ ಅದೇ ಧಾತುವಿನದು. ವಿದ್ಯಾರ್ಥಿಯ ಕೈಗೆ ಸಮಯವನ್ನು ನಂಬಿ ಕೊಡದೆ ಕ್ರೆಡಿಟ್ಟುಗಳನ್ನು ಮಾತ್ರ ಎಣಿಸುವುದು ಆ ಪದಕ್ಕೂ ಸಲ್ಲದು.

ಅಧ್ಯಾಪಕನಾಗಿ ನನ್ನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಗಂಟೆ ಬಾರಿಸಿದೊಡನೆ ಪುಸ್ತಕ ಮಡಚಿ ಹೊರಡುವವರಲ್ಲಿ ನಾನೂ ಒಬ್ಬ. ಮೌಖಿಕ ಪರೀಕ್ಷೆಯಲ್ಲಿ ಗುರುಅಭ್ಯರ್ಥಿಯೊಬ್ಬ ಟಿಪ್ಪಣಿಯನ್ನು ತಪ್ಪಿಲ್ಲದೆ ಒಪ್ಪಿಸಿ, “ಇದನ್ನೇ ನಿಮ್ಮ ಊರಿನ ಅಜ್ಜಿಗೆ ಹೇಗೆ ಹೇಳುವಿರಿ?” ಎಂದು ಕೇಳಿದಾಗ ಮೌನವಾದಾಗ, ಆ ಮೌನದಲ್ಲಿ ನನ್ನ ಪಾಲೂ ಇದೆ. ಅವರು ಆ ಸತ್ಯವನ್ನು ಅದುವರೆಗೆ ಯಾರಿಗೂ ಸ್ವಂತ ಮಾತಿನಲ್ಲಿ ಹೇಳಿಯೇ ಇರಲಿಲ್ಲ. ನಾಳೆ ಅವರ ಪ್ರಬೋಧನೆಯನ್ನು ಕೇಳಲು ಕುಳಿತುಕೊಳ್ಳುವವಳು ಅದೇ ಅಜ್ಜಿ.

ಇಡೀ ಪಠ್ಯಕ್ರಮವನ್ನು ಬದಲಿಸುವ ಅಧಿಕಾರ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಆದರೆ ಪಾಠದ ನಂತರ ಕಾಲು ಗಂಟೆ ಬಾಗಿಲ ಬಳಿ ನಿಲ್ಲಲು ಯಾವ ಅನುಮತಿಯೂ ಬೇಡ. ರಾತ್ರಿಯ ಊಟದ ಬಳಿಕ ಇಬ್ಬರು ಗುರುಅಭ್ಯರ್ಥಿಗಳು ಅಂದಿನ ಒಂದು ಪಾಠವನ್ನು, ಟಿಪ್ಪಣಿ ನೋಡದೆ, ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಳ್ಳಲು ವೇಳಾಪಟ್ಟಿಯ ತಿದ್ದುಪಡಿಯೂ ಬೇಡ. ತಮಗಿಂತ ಕಿರಿಯನಾದ ಸಂಗಡಿಗನಿಂದ ಪಾಠ ಹೇಳಿಸಿಕೊಂಡ ಪ್ಯಾರಿಸಿನ ಆ ವಿದ್ಯಾರ್ಥಿಯನ್ನು ನೆನೆದು, ಈ ಸೆಮಿಸ್ಟರಿನಲ್ಲಿ ಇಷ್ಟನ್ನಾದರೂ ಆರಂಭಿಸೋಣ.