ಕರ್ನಾಟಕದಲ್ಲಿ ಪಾಶ್ಚಾತ್ಯ ಮಿಶನರಿಗಳ ಕನ್ನಡ ಕಲಿಕೆ

ಕರ್ನಾಟಕದಲ್ಲಿ ಪಾಶ್ಚಾತ್ಯ ಮಿಶನರಿಗಳ ಕನ್ನಡ ಕಲಿಕೆ ಎಂಬ ವಿಷಯವು ಮುಖ್ಯವಾಗಿ ೧೯ನೆಯ ಶತಮಾನಕ್ಕೆ ಸಂಬಂಧಿಸಿದ್ದು. ಇಂಗ್ಲೆಂಡ್, ಜರ್ಮನಿ ಹಾಗೂ ಸ್ವಿಟ್ಜರ್ಲೆಂಡ್‌ಗಳಿಂದ ಬಂದ ಕ್ರೈಸ್ತ ಧರ್ಮಪ್ರಚಾರಕರು ಈ ನಾಡಿನ ಭಾಷೆ, ಆಹಾರ, ಹವಾಮಾನ ಮತ್ತು ಜನಜೀವನಕ್ಕೆ ಹೊಂದಿಕೊಂಡ ಬಗೆಯನ್ನು ಇದು ಒಳಗೊಳ್ಳುತ್ತದೆ. ಇವರಲ್ಲಿ ಹಲವರು ಇಪ್ಪತ್ತರಿಂದ ಮೂವತ್ತು ವರ್ಷದೊಳಗಿನ ಯುವಕರಾಗಿದ್ದರು. ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಾಗ ಅವರ ವಯಸ್ಸು ೨೫. ಫರ್ಡಿನಾಂಡ್ ಕಿಟ್ಟೆಲ್ ಭಾರತಕ್ಕೆ ಬಂದಾಗ ೨೧. ಧರ್ಮಪ್ರಚಾರದ ಸಾಧನವಾಗಿ ಆರಂಭವಾದ ಈ ಕಲಿಕೆಯಿಂದ ಕನ್ನಡದ ಮೊದಲ ಪತ್ರಿಕೆ, ಪ್ರಾಚೀನ ಕಾವ್ಯಗಳ ಮುದ್ರಿತ ಆವೃತ್ತಿಗಳು ಹಾಗೂ ಇಂದಿಗೂ ಬಳಕೆಯಲ್ಲಿರುವ ನಿಘಂಟು ದೊರೆತವು.

ಬಳ್ಳಾರಿಯಲ್ಲಿ ಆರಂಭ

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲೆಸಿದರು. ಆಗ ವಿದೇಶಿಯರು ಕನ್ನಡ ಕಲಿಯಲು ಅನುಕೂಲವಾಗುವ ಮುದ್ರಿತ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ವಿಲಿಯಂ ಕೇರಿಯವರ ಕರ್ಣಾಟಕ ಭಾಷಾ ವ್ಯಾಕರಣ ಪ್ರಕಟವಾದದ್ದು ೧೮೧೭ರಲ್ಲಿ. ಆದ್ದರಿಂದ ಕಲಿಯುವವನೇ ತನ್ನ ಪಠ್ಯವನ್ನು ಸಿದ್ಧಪಡಿಸಿಕೊಳ್ಳಬೇಕಾದ ಸ್ಥಿತಿ ಇತ್ತು. ಸ್ಥಳೀಯ ಶಿಕ್ಷಕರಿಂದ ಪದಗಳನ್ನು ಕೇಳಿ ಬರೆದುಕೊಳ್ಳುವುದು, ಅವುಗಳ ರೂಪಗಳನ್ನು ಪಟ್ಟಿಮಾಡುವುದು, ಮಾತನಾಡಿ ತಿದ್ದಿಸಿಕೊಳ್ಳುವುದು, ಇದೇ ಕಲಿಕೆಯ ಕ್ರಮ. ಹ್ಯಾಂಡ್ಸ್ ಮತ್ತು ಅವರ ಸಹೋದ್ಯೋಗಿಗಳ ಶ್ರಮದಿಂದ ೧೮೩೦ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಮುದ್ರಣಗೊಂಡಿತು. ಅದೇ ಬಳ್ಳಾರಿ ಕೇಂದ್ರದ ವಿಲಿಯಂ ರೀವ್ ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಮುಂದೆ ಬಂದ ಜರ್ಮನ್ ಮಿಶನರಿಗಳ ಕೈಗೆ ಸಿಕ್ಕ ಮುಖ್ಯ ಸಲಕರಣೆ ಈ ನಿಘಂಟೇ.

ಬಾಸೆಲ್ ಮಿಶನ್ ಮತ್ತು ಮಂಗಳೂರು

೧೮೩೩ರ ಸನ್ನದು ಕಾಯಿದೆಯ ಬಳಿಕ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಆಡಳಿತದ ಪ್ರದೇಶಗಳಲ್ಲಿ ನೆಲೆಸಲು ದಾರಿ ತೆರೆಯಿತು. ೧೮೧೫ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಶನ್ ಕಳುಹಿಸಿದ ಸ್ಯಾಮುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೆಹ್ನರ್ ಮತ್ತು ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ೧೮೩೪ರ ಅಕ್ಟೋಬರ್ ೩೦ರಂದು ಮಂಗಳೂರನ್ನು ತಲುಪಿದರು.

ಇವರ ಮೊದಲ ತೊಡಕು, ಯಾವ ಭಾಷೆಯನ್ನು ಕಲಿಯಬೇಕೆಂಬುದು. ಮಂಗಳೂರಿನಲ್ಲಿ ಶಿಕ್ಷಣ ಹಾಗೂ ಬರವಣಿಗೆಯ ಭಾಷೆ ಕನ್ನಡವಾದರೂ ಮನೆಮಾತು ಹೆಚ್ಚಾಗಿ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಕಲಿತು ಹಳ್ಳಿಗೆ ಹೋದವನಿಗೆ ಅಲ್ಲಿ ಕೇಳಿಸುತ್ತಿದ್ದುದು ಬೇರೆಯೇ ಮಾತು. ಗ್ರೈನರ್ ತುಳುವಿನತ್ತ ತಿರುಗಿದರು. ಹೆಬಿಕ್ ಅವರಿಗೆ ಯಾವ ಭಾರತೀಯ ಭಾಷೆಯೂ ಪೂರ್ಣವಾಗಿ ಒಲಿಯಲಿಲ್ಲ. ಮುಂದೆ ಕಣ್ಣೂರಿಗೆ ಹೋದ ಅವರು ೧೮೫೯ರಲ್ಲಿ ಭಾರತವನ್ನು ಬಿಡುವವರೆಗೂ ದುಭಾಷಿಗಳ ನೆರವಿನಿಂದಲೇ ಬೋಧಿಸಿದರು. ಆದರೂ ಅವರ ಸುತ್ತ ಜನ ಸೇರುತ್ತಿದ್ದರೆಂಬುದು, ಭಾಷಾಪ್ರಭುತ್ವವೇ ಪ್ರಚಾರಕನ ಯಶಸ್ಸಿನ ಅಳತೆ ಎಂಬ ಸಾಮಾನ್ಯ ಗ್ರಹಿಕೆಗೆ ಒಂದು ಅಪವಾದ.

ಹರ್ಮನ್ ಮೋಗ್ಲಿಂಗ್

ವುರ್ಟೆಂಬರ್ಗ್‌ನ ಬ್ರಾಕನ್‌ಹೈಮ್‌ನಲ್ಲಿ ೧೮೧೧ರಲ್ಲಿ ಜನಿಸಿ ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿದ ಮೋಗ್ಲಿಂಗ್ ೧೮೩೬ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಅವರ ಕಲಿಕೆಯ ವಿಧಾನ ಉಳಿದವರಿಗಿಂತ ಭಿನ್ನವಾಗಿತ್ತು. ಪಂಡಿತರ ಎದುರು ಕುಳಿತು ಓದುವುದರ ಜೊತೆಗೆ ಅವರು ವಿದ್ಯಾರ್ಥಿಗಳೊಂದಿಗೆ ಒಂದೇ ಸೂರಿನಡಿ ವಾಸಿಸಿ, ಅವರ ಊಟವನ್ನೇ ಉಂಡರು. ಹುಡುಗರ ಜಗಳ, ತಮಾಷೆ, ಗಾದೆಗಳ ನಡುವೆ ಕಿವಿಗೆ ಬಿದ್ದ ಮಾತು ಪುಸ್ತಕದ ಕನ್ನಡವನ್ನು ತಿದ್ದಿತು. ಗಾದೆಗಳ ಬಗೆಗಿನ ಅವರ ಆಸಕ್ತಿ ಮುಂದೆ ಒಂದು ಮುದ್ರಿತ ಸಂಗ್ರಹವಾಯಿತು.

ಭಾಷೆ ತಿಳಿದ ಮಾತ್ರಕ್ಕೆ ಜನರ ಮನಸ್ಸು ತಿಳಿಯುವುದಿಲ್ಲವೆಂಬುದಕ್ಕೂ ಅವರ ಜೀವನದಲ್ಲಿಯೇ ನಿದರ್ಶನವಿದೆ. ೧೮೪೦ರ ಸುಮಾರಿಗೆ ಹುಬ್ಬಳ್ಳಿ-ಗದಗ ಪ್ರದೇಶದ ಕಾಲಜ್ಞಾನ ಪಂಥದ ಕೆಲವರು ಮಿಶನರಿಗಳನ್ನು ಸಂಪರ್ಕಿಸಿದರು. ಭವಿಷ್ಯವನ್ನು ನುಡಿಯುವ ಕಾಲಜ್ಞಾನ ವಚನಗಳ ಪರಂಪರೆಗೆ ಸೇರಿದ ಇವರು, ಹೊರನಾಡಿನಿಂದ ಬಂದ ಗುರುಗಳಲ್ಲಿ ತಮ್ಮ ನಿರೀಕ್ಷೆಯ ಈಡೇರಿಕೆಯನ್ನು ಕಂಡಂತಿತ್ತು. ಮಿಶನರಿಗಳು ಇದನ್ನು ಸಾಮೂಹಿಕ ಮತಾಂತರದ ಮುನ್ಸೂಚನೆಯೆಂದು ತಿಳಿದು ಗದಗದ ಸಮೀಪದ ಮಲಸಮುದ್ರದಲ್ಲಿ ಕೃಷಿ ವಸಾಹತೊಂದನ್ನು ಆರಂಭಿಸಿದರು. ನಿರೀಕ್ಷಿಸಿದ ಜನ ಬರಲಿಲ್ಲ; ಯೋಜನೆ ವಿಫಲವಾಯಿತು. ಇಬ್ಬರೂ ಆಡಿದ್ದು ಕನ್ನಡವೇ ಆದರೂ ‘ಗುರು’ ಎಂಬ ಒಂದೇ ಪದದಿಂದ ಅವರು ಗ್ರಹಿಸಿದ ಅರ್ಥಗಳು ಬೇರೆ ಬೇರೆಯಾಗಿದ್ದವು.

೧೮೪೩ರ ಜುಲೈ ೧ರಂದು ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಪ್ರಾರಂಭಿಸಿದರು. ಇದು ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಣಗೊಳ್ಳುತ್ತಿದ್ದ ಈ ಪಾಕ್ಷಿಕವು ೧೮೪೪ರಲ್ಲಿ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಅಲ್ಲಿ ಅಚ್ಚುಮೊಳೆಗಳ ಸೌಲಭ್ಯವಿತ್ತು. ಕನ್ನಡ ಓದಲು ಶುರುಮಾಡಿ ಏಳು ವರ್ಷ ತುಂಬುವ ಮೊದಲೇ ಅನ್ಯಭಾಷಿಕನೊಬ್ಬ ಆ ಭಾಷೆಯಲ್ಲಿ ಸುದ್ದಿ ಬರೆಯತೊಡಗಿದ್ದು ಗಮನಾರ್ಹ. ನಂತರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ೧೮೪೮ರಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವು ಪ್ರಕಟವಾದವು. ಇದಕ್ಕೆ ಹಣ ನೀಡಿದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ೧೮೫೮ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರು ೧೮೬೦ರಲ್ಲಿ ಸ್ವದೇಶಕ್ಕೆ ಮರಳಿ ೧೮೮೧ರಲ್ಲಿ ನಿಧನರಾದರು.

ಕಿಟ್ಟೆಲ್ ಮತ್ತು ‘ಭಾರತೀಯನಾಗುವ’ ಪ್ರಯತ್ನ

ಫರ್ಡಿನಾಂಡ್ ಕಿಟ್ಟೆಲ್ ೧೮೩೨ರ ಏಪ್ರಿಲ್ ೭ರಂದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಸೆಮಿನರಿಯಲ್ಲಿ ಓದಿ ೧೮೫೩ರಲ್ಲಿ ಭಾರತಕ್ಕೆ ಬಂದರು. ಆರಂಭದ ವರ್ಷಗಳಲ್ಲಿ ಧಾರವಾಡ-ಹುಬ್ಬಳ್ಳಿ ಭಾಗದ ಆಡುಮಾತನ್ನು ಕಲಿತರು. ಮಂಗಳೂರಿನ ಗ್ರಂಥಸ್ಥ ಶೈಲಿಯ ಕನ್ನಡಕ್ಕೂ ಬಯಲುಸೀಮೆಯ ರೈತನ ಮಾತಿಗೂ ಇರುವ ಅಂತರ ಅವರಿಗೆ ಅಲ್ಲಿಯೇ ಮನದಟ್ಟಾಗಿರಬೇಕು. ಅವರ ನಿಘಂಟಿನಲ್ಲಿ ಮೈಸೂರು ಸೀಮೆಯ ಪದಗಳಿಗೂ ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯಲ್ಪಡುತ್ತಿದ್ದ ಧಾರವಾಡ ಭಾಗದ ಪದಗಳಿಗೂ ಪ್ರತ್ಯೇಕ ಸಂಕೇತಗಳಿರುವುದನ್ನು ಕಾಣಬಹುದು.

ಯುರೋಪಿನ ರೀತಿನೀತಿಗಳನ್ನು ಬಿಟ್ಟು ಜನರ ನಡುವೆ ಅವರಂತೆಯೇ ಬದುಕಬೇಕೆಂಬುದು ಯುವಕ ಕಿಟ್ಟೆಲ್ ಅವರ ನಿಲುವಾಗಿತ್ತು. ಕುದುರೆ, ಬಂಗಲೆಗಳ ಬದಲು ಕಾಲ್ನಡಿಗೆ ಮತ್ತು ಸರಳ ಜೀವನ ಅವರಿಗೆ ಸರಿಯೆನಿಸಿದವು. ಈ ನಡೆ ಹಿರಿಯ ಸಹೋದ್ಯೋಗಿಗಳಿಗೆ ಒಪ್ಪಿಗೆಯಾಗಲಿಲ್ಲ. ಬಾಸೆಲ್‌ನ ಸಮಿತಿಯು ಸದಸ್ಯರ ನೆಲೆ, ಕೆಲಸ, ವಿವಾಹ ಎಲ್ಲವನ್ನೂ ನಿಯಂತ್ರಿಸುತ್ತಿದ್ದ ಶಿಸ್ತಿನ ಸಂಸ್ಥೆ; ಅಲ್ಲಿ ಸ್ವಂತ ದಾರಿ ಹಿಡಿದವನು ಒಂಟಿಯಾಗುವುದು ಸಹಜವಾಗಿತ್ತು. ಇತಿಹಾಸಕಾರ ರೈನ್‌ಹಾರ್ಟ್ ವೆಂಟ್ ೨೦೦೬ರಲ್ಲಿ ಸಂಪಾದಿಸಿದ ಗ್ರಂಥವು ಕಿಟ್ಟೆಲ್ ಅವರ ಬದುಕನ್ನು ಮಿಶನರಿಯಾಗಿ ಆರಂಭಿಕ ವೈಫಲ್ಯ, ವಿದ್ವಾಂಸನಾಗಿ ಮರಣೋತ್ತರ ಯಶಸ್ಸು ಎಂಬ ನೆಲೆಯಲ್ಲಿ ವಿವೇಚಿಸುತ್ತದೆ. ಪ್ರಚಾರಕನಾಗಿ ಸಿಗದ ಅವಕಾಶವೇ ಅವರನ್ನು ಹಸ್ತಪ್ರತಿ ಮತ್ತು ಮುದ್ರಣಾಲಯದ ಕಡೆಗೆ ತಿರುಗಿಸಿತೆಂದು ಹೇಳಬಹುದು.

೧೮೬೨ರಲ್ಲಿ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ನಿರೂಪಿಸುವ ‘ಕಥಾಮಾಲೆ’ ಪ್ರಕಟವಾಯಿತು. ಕಿಟ್ಟೆಲ್ ಅವರ ಮೊದಲ ಪತ್ನಿ ಪೌಲಿನಾ ೧೮೬೦ರ ದಶಕದಲ್ಲಿಯೇ ತೀರಿಕೊಂಡರು. ನಂತರ ಅವರು ಪೌಲಿನಾರ ಸಹೋದರಿ ಜೂಲಿಯನ್ನು ವಿವಾಹವಾದರು. ಕೇಶಿರಾಜನ ‘ಶಬ್ದಮಣಿದರ್ಪಣ’ (೧೮೭೨) ಮತ್ತು ನಾಗವರ್ಮನ ‘ಛಂದೋಂಬುಧಿ’ (೧೮೭೫) ಅವರ ಪ್ರಮುಖ ಸಂಪಾದನೆಗಳು. ಸುಮಾರು ೭೦,೦೦೦ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು. ಆ ವೇಳೆಗೆ ಅವರು ಭಾರತವನ್ನು ಬಿಟ್ಟಿದ್ದರು.

ಕಲಿಕೆಯ ತೊಡಕುಗಳು

ಜರ್ಮನ್ ಭಾಷಿಕರಿಗೆ ಕನ್ನಡದ ಟ-ತ, ಡ-ದ, ಳ-ಲ ಭೇದಗಳನ್ನು ಕಿವಿಯಿಂದ ಹಿಡಿಯುವುದು ಕಷ್ಟ. ‘ಹುಳಿ’ ಮತ್ತು ‘ಹುಲಿ’ಗಳ ವ್ಯತ್ಯಾಸ ತಪ್ಪಿದರೆ ಕೇಳುವವರಿಗೆ ನಗು ಬರುವುದು ಸಹಜ. ಆದರೆ ನೀನು-ನೀವು ಎಂಬ ಗೌರವಭೇದ ಜರ್ಮನ್‌ನಲ್ಲಿಯೂ ಇರುವುದರಿಂದ ತತ್ತ್ವವಾಗಿ ಅದು ಅಪರಿಚಿತವಲ್ಲ. ಯಾರಿಗೆ ಯಾವುದನ್ನು ಬಳಸಬೇಕು ಎಂಬಲ್ಲಿ ಮಾತ್ರ ವಯಸ್ಸು, ಜಾತಿ, ನೆಂಟಸ್ತಿಕೆಗಳ ತಿಳಿವಳಿಕೆ ಬೇಕಾಗುತ್ತಿತ್ತು.

ಇದಕ್ಕಿಂತ ಗಂಭೀರವಾದದ್ದು ಧಾರ್ಮಿಕ ಪದಗಳ ಸಮಸ್ಯೆ. ‘ದೇವರು’ ಎಂಬುದು ರೂಪದಲ್ಲಿ ಬಹುವಚನ, ಬಳಕೆಯಲ್ಲಿ ಗೌರವಸೂಚಕ ಏಕವಚನ. ಏಕದೇವವಾದವನ್ನು ಬೋಧಿಸಬೇಕಾದವನಿಗೆ ಈ ರೂಪ ಇಕ್ಕಟ್ಟು ತಂದರೂ ಕೊನೆಗೆ ಕನ್ನಡ ಬೈಬಲ್‌ನಲ್ಲಿ ನೆಲೆನಿಂತದ್ದು ಅದೇ. ‘ಮುಕ್ತಿ’ ಎಂದರೆ ಕೇಳುಗನಿಗೆ ಹುಟ್ಟು-ಸಾವುಗಳ ಚಕ್ರದಿಂದ ಬಿಡುಗಡೆ. ‘ಅವತಾರ’ ಎಂದರೆ ಹತ್ತರಲ್ಲೊಂದು. ಇಂಥ ಪದಗಳನ್ನು ಬಳಸಿದರೆ ಹಳೆಯ ಅರ್ಥ ಜೊತೆಗೆ ಬರುತ್ತಿತ್ತು. ಹೊಸ ಪದಗಳನ್ನು ಕಟ್ಟಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ವೀರಶೈವ, ಜೈನ ಮತ್ತು ದಾಸ ಸಾಹಿತ್ಯಗಳನ್ನು ಮಿಶನರಿಗಳು ಓದಲು ಇದು ಒಂದು ಮುಖ್ಯ ಕಾರಣ.

ಆರೋಗ್ಯದ ವಿಷಯವೂ ಸಣ್ಣದಾಗಿರಲಿಲ್ಲ. ಜ್ವರ, ಕಾಲರಾ, ಆಮಶಂಕೆಗಳಿಂದ ಕಲಿಕೆ ಮುಗಿಯುವ ಮೊದಲೇ ಜೀವ ತೆತ್ತವರು ಅಥವಾ ಮರಳಿ ಹೋದವರು ಹಲವರು. ಮೋಗ್ಲಿಂಗ್ ಅವರ ಒಡನಾಡಿಯೂ ಕನ್ನಡದ ಸಮರ್ಥ ಅನುವಾದಕರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ೧೮೫೫ರಲ್ಲಿ ನಿಧನರಾದರು.

ಕಲಿಸಿದವರ ಬಗ್ಗೆ ದಾಖಲೆಗಳು ಹೇಳುವುದು ಕಡಿಮೆ. ಪಂಡಿತರು, ಮುನ್ಷಿಗಳು, ಶಾಲೆಯ ಹುಡುಗರು, ಅಡುಗೆಯವರು ಪ್ರತಿದಿನ ತಿದ್ದಿದ ತಪ್ಪುಗಳ ಮೇಲೆಯೇ ಈ ಗ್ರಂಥಗಳು ನಿಂತಿವೆ; ಮುಖಪುಟದ ಮೇಲಿರುವುದು ಮಿಶನರಿಯ ಹೆಸರು ಮಾತ್ರ.

ರಾಯಚೂರು ದೋಆಬ್

ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಪ್ರದೇಶ ೧೮೫೩ರಿಂದ ೧೮೬೦ರವರೆಗಿನ ಅವಧಿಯನ್ನು ಬಿಟ್ಟರೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಸೈನ್ಯದ ದಂಡು ಇತ್ತು. ೧೯೦೫ರವರೆಗೆ ಅದೊಂದು ಜಿಲ್ಲಾ ಕೇಂದ್ರವೂ ಆಗಿತ್ತು. ಬಾಸೆಲ್ ಮಿಶನ್‌ನ ಕನ್ನಡ ಕೇಂದ್ರಗಳು ಗದಗ-ಬೆಟಗೇರಿಯವರೆಗೆ ಬಂದವು. ದೋಆಬ್ ಅವುಗಳ ಆಚೆಗೆ ಉಳಿಯಿತು. ರಾಯಚೂರು, ಗುಲ್ಬರ್ಗ, ಬೀದರ್ ಭಾಗಗಳಲ್ಲಿ ಮುಂದೆ ಅಮೆರಿಕದ ಮೆಥೊಡಿಸ್ಟ್ ಸಭೆ ಕೆಲಸ ಮಾಡಿತು.

ಆದರೆ ಈ ಸೀಮೆಯ ಕ್ರೈಸ್ತ ಪರಂಪರೆ ಅವೆಲ್ಲಕ್ಕಿಂತ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಕಥೋಲಿಕ ಸಮುದಾಯವಿದೆ. ೧೬ನೆಯ ಶತಮಾನದಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಅದು ನೆಲೆಗೊಂಡಿತೆಂಬುದು ಪ್ರತೀತಿ. ಹೊರಗಿನ ಸಂದೇಶವೊಂದು ಇಲ್ಲಿಗೆ ಹೊರಗಿನ ಭಾಷೆಯಲ್ಲಿ ಬಂದದ್ದು ಅದೇ ಮೊದಲಲ್ಲ. ೧೯೧೫ರಲ್ಲಿ ಪತ್ತೆಯಾದ ಮಸ್ಕಿಯ ಅಶೋಕ ಶಾಸನವು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಸ್ಥಳೀಯರಿಗೆ ಅದನ್ನು ಯಾರಾದರೂ ಓದಿ ಹೇಳಬೇಕಿತ್ತು.

ಭಾಷೆಯ ದೃಷ್ಟಿಯಿಂದ ಈ ಪ್ರದೇಶ ಹೊಸಬನಿಗೆ ಸುಲಭವಲ್ಲ. ಪುಸ್ತಕದಲ್ಲಿ ‘ಇದೆ’ ಎಂದು ಕಲಿತವನಿಗೆ ಇಲ್ಲಿ ‘ಐತಿ’, ‘ಅದ’ ಎಂದು ಕೇಳಿಸುತ್ತದೆ. ಪೂರ್ವದಲ್ಲಿ ತೆಲುಗು ಬೆರೆಯುತ್ತದೆ. ನಿಜಾಮರ ಕಚೇರಿಗಳಲ್ಲಿ ಮೊದಲು ಪಾರಸಿ, ೧೮೮೦ರ ದಶಕದಿಂದ ಉರ್ದು ನಡೆಯುತ್ತಿದ್ದುದರಿಂದ ದಫ್ತರ, ಹುಕುಂ, ಅರ್ಜಿ, ವಸೂಲಿ ಮುಂತಾದ ಪದಗಳು ರೈತನ ದಿನನಿತ್ಯದ ಮಾತಿನಲ್ಲಿ ಬೇರೂರಿವೆ.

ನಂತರದ ಬಳಕೆ

ಕಿಟ್ಟೆಲ್ ಅವರಿಗೆ ೧೮೯೬ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ೧೯೦೩ರಲ್ಲಿ ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗನ್‌ನಲ್ಲಿ ನಿಧನರಾದರು. ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾಲಯವು ಅದನ್ನು ೧೯೬೮ರಿಂದ ೧೯೭೧ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.