ಕೊಸರು

ತೆರಕಣಾಂಬಿ ಸಂತೆಯಲ್ಲಿ ಬೀನ್ಸ್ ತೂಗಿ ಆಗಿರುತ್ತದೆ, ದುಡ್ಡೂ ಕೊಟ್ಟಾಗಿರುತ್ತದೆ. ಆದರೂ ನಾವು ಚೀಲದ ಬಾಯಿ ಮುಚ್ಚುವುದಿಲ್ಲ. ‘ಇನ್ನೊಸಿ ಹಾಕವ್ವ’ ಎಂದು ನಿಂತೇ ಇರುತ್ತೇವೆ. ಆಕೆ ಗೊಣಗುತ್ತಲೇ ನಾಲ್ಕು ಕಾಯಿ ಎಸೆಯುತ್ತಾಳೆ, ಇಲ್ಲವೇ ಎರಡೆಸಳು ಕರಿಬೇವು. ಅದು ಕೊಸರು.

ಗಡಿ ದಾಟಿದರೆ ತಮಿಳರಿಗೆ ಇದು ‘ಕೊಸುರು’, ತೆಲುಗರಿಗೂ ಕೊಸರೇ. ಕನ್ನಡದಲ್ಲಿ ಇದಕ್ಕೆ ತುಸು ತುಂಟತನವೂ ಇದೆ. ಅಮ್ಮನ ಕೈಯಿಂದ ಮಗು ಕೊಸರಿಕೊಂಡು ಓಡುತ್ತದೆ. ಅದೇ ಅಮ್ಮ ಸಂತೆಯಲ್ಲಿ ಕೊಸರಾಡುತ್ತಾಳೆ. ಎರಡರಲ್ಲೂ ಎಳೆದಾಟವಂತೂ ಇದ್ದೇ ಇದೆ.

ಅಂಗಡಿಯ ‘ಆಫರ್’ ಬೇರೆ ಜಾತಿ. ಪೊಟ್ಟಣದ ಮೇಲಿನ ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದೆನ್ನುವ ಮಿತಿ, ಅಷ್ಟೇ. ಅದನ್ನು ಮುದ್ರಿಸುವವರು ತಯಾರಕರೇ. ಮೊದಲು ಮೇಲಕ್ಕೇರಿಸಿ ಆಮೇಲೆ ಇಳಿಸಿದರೂ, ಗೀಟು ಹೊಡೆದ ಅಂಕಿ ಕಂಡೊಡನೆ ನಮಗೆ ಲಾಭವಾದಂತೆ ಅನಿಸುತ್ತದೆ. ಕೊಸರಿಗೆ ಈ ಸೌಕರ್ಯವಿಲ್ಲ. ಬೆಲೆ ಕುದುರಿದ ಮೇಲೆ ಹುಟ್ಟುವ ಕೂಸು ಅದು.

ಲೆಕ್ಕ ಹಾಕಿದರೆ ಇನ್ನೊಂದು ತಮಾಷೆ. ಒಂದು ಕೆಜಿಗೆ ಕಾಲು ಕೆಜಿ ಕೊಸರು ಸಿಕ್ಕರೆ ಅದು ಶೇ 25 ಹೆಚ್ಚುವರಿ. ಬೆಲೆಯಲ್ಲಿ ಮಾತ್ರ ಶೇ 20ರಷ್ಟೇ ಇಳಿಕೆ. ‘ಶೇ 25 ಹೆಚ್ಚು’ ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಾನು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.

ದೂರದ ನ್ಯೂ ಆರ್ಲಿಯನ್ಸ್‌ನಲ್ಲೂ ಅಂಗಡಿಯವರು ಹೀಗೆ ಮೇಲೊಂದಿಷ್ಟು ಕೊಡುತ್ತಿದ್ದರು. ‘ಲಾನ್ಯಾಪ್’ ಎಂಬ ಆ ಪದದ ಬೇರು ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿದೆ. 1883ರಲ್ಲಿ ಮಾರ್ಕ್ ಟ್ವೇನ್ ತನ್ನ ಮಿಸಿಸಿಪ್ಪಿ ಪುಸ್ತಕದಲ್ಲಿ ಅದನ್ನು ಮೆಚ್ಚಿ ಬರೆದ.

ಆದರೆ ಕೇಳುವವನ ಕೈ ಮೇಲಾದರೆ ಕೊಸರು ಹೆಸರು ಬದಲಿಸುತ್ತದೆ. ನಮ್ಮ ರಾಜ್ಯದ ಎಷ್ಟೋ ಮಂಡಿಗಳಲ್ಲಿ ರೈತನ ಚೀಲಕ್ಕೆ ಇಂತಿಷ್ಟು ಕೆಜಿ ಎಂದು ಮುರಿದುಕೊಳ್ಳುವುದಕ್ಕೆ ‘ಸೂಟು’ ಎನ್ನುತ್ತಾರೆ. ಮೇಲೊಂದಿಷ್ಟು ಹೋಗುವುದು ಅಲ್ಲೂ ಇದೆ. ಗೊಣಗುವ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಸಂತೆಯ ಅವ್ವನ ಹತ್ತಿರ ಕೊಸರಾಡುವಾಗ ನನಗೆ ಒಮ್ಮೊಮ್ಮೆ ನಾಚಿಕೆಯಾಗುತ್ತದೆ; ಅವಳ ಬೀನ್ಸಿಗೂ ಎಲ್ಲೋ ಸೂಟು ಮುರಿದಿರಬಹುದು.

ಈಗ ಅವಳ ಮುಂದೆ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಗ್ರಾಂ ಲೆಕ್ಕದಲ್ಲಿ ಕೆಂಪಂಕಿ ಮಿನುಗುತ್ತದೆ. ಅವಳು ತಟ್ಟೆಯನ್ನು ನನ್ನ ಚೀಲಕ್ಕೆ ಸುರಿದು, ಅಂಕಿ ಸೊನ್ನೆಗೆ ಬಂದ ಮೇಲೆ, ಮೂರು ಹಸಿಮೆಣಸಿನಕಾಯಿ ಎಸೆಯುತ್ತಾಳೆ.