ಪ್ರತಿವಾದಿಯಾದ ಡಬ್ಬಿ

1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಹಿ ಹಾಕಿದ ಅಮೆರಿಕದ ಆಹಾರ ಮತ್ತು ಔಷಧ ಅಧಿನಿಯಮದ 7ನೆಯ ಕಲಮು, ಹೊಲಸಾದ, ಕೊಳೆತ ಅಥವಾ ನಾರುವ ಪದಾರ್ಥವು ಪೂರ್ಣವಾಗಿಯೋ ಭಾಗಶಃವೋ ಇರುವ ಆಹಾರವನ್ನು ಕಲಬೆರಕೆಯದೆಂದು ಪರಿಗಣಿಸಿತು. ಕನ್ನಡದ ‘ಕಲಬೆರಕೆ’ಗೆ ಈ ಅರ್ಥವಿಸ್ತಾರ ಸುಲಭವಾಗಿ ಒಗ್ಗದು. ಇಲ್ಲಿ ಯಾರೂ ಏನನ್ನೂ ಬೆರೆಸಿರುವುದಿಲ್ಲ. ಮೀನು ಕಾದು ಕಾದು ಕೆಟ್ಟಿರುತ್ತದೆ, ಅಷ್ಟೆ.

ಅಲಾಸ್ಕದ ಸಾಮನ್ ಉದ್ಯಮದಲ್ಲಿ ಈ ಕಾಯುವಿಕೆ ಋತುಧರ್ಮವೇ ಆಗಿತ್ತು. ಮೀನು ಹೊಳೆಯೇರುವುದು ವರ್ಷದ ಕೆಲವೇ ವಾರಗಳಲ್ಲಿ. ಬಲೆಗೆ ಬಿದ್ದದ್ದು ಕಾರ್ಖಾನೆಯ ಶಕ್ತಿಯನ್ನು ಮೀರಿದಾಗ ದೋಣಿಗಳಲ್ಲಿ ರಾಶಿಯಾಗಿ ಉಳಿಯುತ್ತಿತ್ತು. ಆಮೇಲೆ ಡಬ್ಬಿಗೆ ತುಂಬಿ ಹಬೆಯಲ್ಲಿ ಬೇಯಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ಅದಾಗಲೇ ಕೊಳೆತ ಮಾಂಸ ಹಸನಾಗುವುದಿಲ್ಲ. ಬೆಂದ ಮೇಲೆ ಕೆಟ್ಟ ಡಬ್ಬಿ ಉಬ್ಬಿ ತನ್ನ ದೋಷವನ್ನು ತಾನೇ ಹೇಳುತ್ತದೆ, ಬೇಯುವ ಮುನ್ನ ಕೆಟ್ಟ ಮೀನಿನ ಡಬ್ಬಿ ಹಾಗೆ ಹೇಳುವುದಿಲ್ಲ. ಅದನ್ನು ತೆರೆದು ಮೂಸಬೇಕು. ಹೀಗಾಗಿ ಪರೀಕ್ಷಕನ ಮೂಗೇ ಸರ್ಕಾರದ ಮುಖ್ಯ ಸಾಕ್ಷಿಯಾಯಿತು.

ಮೊಕದ್ದಮೆಯ ರೂಪವೂ ವಿಲಕ್ಷಣ. 10ನೆಯ ಕಲಮಿನಂತೆ ಸರ್ಕಾರ ದಾವೆ ಹೂಡುತ್ತಿದ್ದುದು ಸರಕಿನ ಮೇಲೆಯೇ. ಶೀರ್ಷಿಕೆಯಲ್ಲಿ ಒಂದು ಕಡೆ ಸಂಯುಕ್ತ ಸಂಸ್ಥಾನ, ಇನ್ನೊಂದು ಕಡೆ ಇಂತಿಷ್ಟು ಪೆಟ್ಟಿಗೆ ಸಾಮನ್. ಸರಕು ಗಮ್ಯಸ್ಥಾನವನ್ನು ಮುಟ್ಟಿದ ಮೇಲೂ ಜಪ್ತಿ ಸಿಂಧುವೆಂದು 1911ರ ಹಿಪೊಲೈಟ್ ಮೊಟ್ಟೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಒಡೆಯನು ಖರ್ಚು ತೆತ್ತು ಮುಚ್ಚಳಿಕೆ ಬರೆದುಕೊಟ್ಟರೆ ಸರಕನ್ನು ಮರಳಿ ಪಡೆಯಬಹುದಿತ್ತು. ಯಾರೂ ಬಾರದಿದ್ದರೆ ಡಬ್ಬಿಯ ಪರವಾಗಿ ಮಾತಾಡುವವರೇ ಇಲ್ಲ.

ತೀರ್ಪುಗಳನ್ನು ಪ್ರಕಟಿಸಬೇಕೆಂದೂ ಕಾಯಿದೆ ವಿಧಿಸಿತ್ತು. ಆ ಪ್ರಕಟಣೆಗಳ ಗದ್ಯ ಒಣಗಿದ್ದು: ಊರು, ಸಾಗಣೆಯ ದಿನಾಂಕ, ಪೆಟ್ಟಿಗೆಗಳ ಸಂಖ್ಯೆ, ಆರೋಪ, ಆದೇಶ. ಅವನ್ನು ಆಡಳಿತದ ದಾಖಲೆಯಾಗಿ ಮಾತ್ರ ಓದಿದರೆ ಅರ್ಧ ಚರಿತ್ರೆ ತಪ್ಪಿಹೋಗುತ್ತದೆ. ಮೀನನ್ನು ಸೀಳಿ ತುಂಬುತ್ತಿದ್ದವರು ಗುತ್ತಿಗೆಯ ಮೇಲೆ ಬಂದ ಚೀನೀಯರು, ಅನಂತರ ಜಪಾನೀಯರು, ಫಿಲಿಪಿನೋಗಳು. ಜೊತೆಗೆ ಅಲ್ಲಿಯ ಮೂಲನಿವಾಸಿಗಳು. ಶತಮಾನದ ಆರಂಭದಲ್ಲಿ ಬಂದ ಮೀನು ಸೀಳುವ ಯಂತ್ರವನ್ನಂತೂ ಚೀನೀಯರನ್ನು ಹಳಿಯುವ ಬೈಗುಳದ ಹಿಂದೆ ‘ಕಬ್ಬಿಣದ’ ಎಂದು ಸೇರಿಸಿದ ಹೆಸರಿನಲ್ಲೇ ಮಾರಲಾಯಿತು. ಮೀನು ಎಷ್ಟು ಹೊತ್ತು ಕಾದಿತ್ತು ಎಂಬುದನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲ ಈ ಕೈಗಳಿಗೆ ತೀರ್ಪಿನ ನಮೂನೆಯಲ್ಲಿ ಅಂಕಣವಿರಲಿಲ್ಲ.

1938ರ ಹೊಸ ಕಾಯಿದೆ ಹಳೆಯ ಮೂರು ವಿಶೇಷಣಗಳನ್ನೂ ಉಳಿಸಿಕೊಂಡು, ‘ನಾರುವ’ ಎಂಬುದನ್ನು ‘ಕೊಳೆತ’ದ ಮುಂದಕ್ಕೆ ತಂದಿತು, ಅನ್ಯಥಾ ತಿನ್ನಲು ಯೋಗ್ಯವಲ್ಲದ್ದು ಎಂಬ ಮಾತನ್ನೂ ಸೇರಿಸಿತು. ಪ್ರತಿವಾದಿಯ ಸ್ಥಾನದಲ್ಲಿ ಪೆಟ್ಟಿಗೆಗಳೇ ಮುಂದುವರಿದವು.